ಆಕ್ಸಲ್ ಟ್ಯೂಬ್ ಬಾಗದಂತೆ ವೆಲ್ಡ್ ಮಾಡುವುದು ಹೇಗೆ?

ಪ್ರಶ್ನೆ: ನಾನೇ ಕಟ್ಟುತ್ತಿರುವ ಆಫ್‌ರೋಡ್ ಟ್ರಕ್ಕಿನ ಹಿಂದಿನ ಆಕ್ಸಲ್‌ಗೆ ಲೀಫ್ ಸ್ಪ್ರಿಂಗ್ ಕೂರುವ ಹೊಸ ಪ್ಯಾಡ್‌ಗಳನ್ನು ವೆಲ್ಡ್ ಮಾಡಬೇಕಾಗಿದೆ. ಎರಕದ ಹೌಸಿಂಗ್‌ನೊಳಗೆ (ಆಕ್ಸಲ್ ನಡುವಿನ, ಗೇರ್‌ಗಳಿರುವ ಗೂಡು) ಒತ್ತಿ ಕೂರಿಸಿರುವ ಟ್ಯೂಬ್‌ಗಳು ತಿರುಗದಂತೆ ಅಲ್ಲಿಯೂ ಸುತ್ತ ವೆಲ್ಡ್ ಹಾಕುವ ಯೋಚನೆಯಿದೆ. ಯಾವ ಕ್ರಮ ಅನುಸರಿಸಬೇಕು?

ಉತ್ತರ: ಪ್ಯಾಡ್‌ಗಳಿಗೆ ಮೊದಲು ಟ್ಯಾಕ್ (ತಾತ್ಕಾಲಿಕವಾಗಿ ಹಿಡಿದಿಡುವ ಸಣ್ಣ ವೆಲ್ಡ್) ಮಾತ್ರ ಹಾಕಿ, ವಾಹನದ ಪೂರ್ಣ ಭಾರವನ್ನು ಸ್ಪ್ರಿಂಗ್‌ಗಳ ಮೇಲೆ ಇಳಿಸಿ ಪಿನಿಯನ್ ಕೋನವನ್ನು (ಎಂಜಿನ್ ಕಡೆಯಿಂದ ಬರುವ ಶಾಫ್ಟ್ ಸೇರುವ ಆಕ್ಸಲ್ ಗೇರ್‌ನ ಓರೆ) ಅಳೆದ ನಂತರವೇ ಪೂರ್ಣ ವೆಲ್ಡ್ ಮಾಡಿ. ಒಂದೇ ಬದಿಯಲ್ಲಿ ಉದ್ದಕ್ಕೆ ಎಳೆದರೆ ಲೋಹ ತಣಿಯುವಾಗ ಕುಗ್ಗಿ ಟ್ಯೂಬನ್ನು ಆ ಬದಿಗೇ ಎಳೆಯುತ್ತದೆ. ಆದ್ದರಿಂದ ಒಂದು ಅಂಗುಲದಷ್ಟು ಹಾಕಿ, ಎದುರು ಬದಿಗೆ ಹೋಗಿ, ನಡುವೆ ಕೈಗೆ ತಾಳುವಷ್ಟು ತಣಿಯಲು ಬಿಡಬೇಕು. ಅರ್ತ್ ಕ್ಲ್ಯಾಂಪನ್ನು (ವೆಲ್ಡಿಂಗ್ ವಿದ್ಯುತ್ ಯಂತ್ರಕ್ಕೆ ಮರಳುವ ತಂತಿಯ ಹಿಡಿಕೆ) ವೆಲ್ಡಿನ ಪಕ್ಕದಲ್ಲೇ ಕಚ್ಚಿಸದಿದ್ದರೆ ವಿದ್ಯುತ್ ಬೇರಿಂಗ್‌ಗಳ ಮೂಲಕ ಹರಿದು ಅವುಗಳನ್ನು ಹಾಳುಮಾಡಬಹುದು.

ಮತ್ತೊಂದು ಉತ್ತರ: ಎರಕದ ಭಾಗದ ಮಾತೇ ಬೇರೆ. ಗ್ರೀಸು, ಎಣ್ಣೆ ಪೂರ್ತಿ ತೆಗೆದು, ಹೌಸಿಂಗನ್ನು ಸಮನಾಗಿ ಬಿಸಿಮಾಡಿ, ನಿಕ್ಕಲ್ ವೆಲ್ಡಿಂಗ್ ರಾಡ್ ಬಳಸಿ, ಬಳಿಕ ಶಾಖನಿರೋಧಕ ಹೊದಿಕೆಯಲ್ಲಿ ಸುತ್ತಿ ನಿಧಾನವಾಗಿ ತಣಿಸಿ. ಅವಸರಪಟ್ಟ ನನ್ನ ಮೊದಲ ವೆಲ್ಡ್ ತಣಿಯುವಾಗಲೇ ಟಣ್ ಎಂದು ಸೀಳಿತ್ತು. ಕ್ಲೋರಿನ್‌ಯುಕ್ತ ಬ್ರೇಕ್ ಕ್ಲೀನರ್‌ನಿಂದ ಒರೆಸಲೇಬೇಡಿ, ವೆಲ್ಡಿಂಗ್ ಶಾಖಕ್ಕೆ ಅದರಿಂದ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟಬಹುದು.

ಪ್ರಶ್ನಿಸಿದವರು: ಧನ್ಯವಾದಗಳು. ಟ್ಯೂಬ್‌ನ ಒಳಗೆ ಚಕ್ರವನ್ನು ತಿರುಗಿಸುವ ಶಾಫ್ಟನ್ನೂ ಕತ್ತರಿಸಿ, ಬೆಸೆದು ಉದ್ದ ಮಾಡಬಹುದೇ?

ಉತ್ತರ: ಖಂಡಿತ ಬೇಡ. ಗಟ್ಟಿಯಾಗಲೆಂದು ಶಾಫ್ಟ್‌ಗೆ ಕಾಯಿಸಿ ಕೊಟ್ಟಿರುವ ಹದ ವೆಲ್ಡಿನ ಬಿಸಿಗೆ ಕೆಟ್ಟು, ತಿರುಚುವ ಬಲ ಬಿದ್ದಾಗ ಅದು ಆ ಜಾಗದಲ್ಲೇ ತುಂಡಾಗುತ್ತದೆ. ಬೇಕಾದ ಅಳತೆಯ ಹೊಸ ಶಾಫ್ಟನ್ನೇ ಮಾಡಿಸಿಕೊಳ್ಳಿ.