ದೊಡ್ಡಪ್ಪ ಹಾಕಿದ ರೇಷ್ಮೆ ಮೆಷಿನ್ ವಿಡಿಯೋ: ನಮ್ಮನೆ ಗ್ರೂಪಲ್ಲಿ ನಡೆದ ಮಾತು

ದೊಡ್ಡಪ್ಪ: [ವಿಡಿಯೋ]

ದೊಡ್ಡಪ್ಪ: ಎಲ್ರೂ ಪೂರ್ತಿ ನೋಡಿ. ಚೀನಾದ ಆಟೋಮ್ಯಾಟಿಕ್ ಮೆಷಿನ್ನು, ಗೂಡಿಂದ ನೂಲು ತೆಗೆಯೋದು. ಅಷ್ಟುದ್ದ ಶೆಡ್ಡಲ್ಲಿ ನಾಲ್ಕೇ ಜನ ಓಡಾಡ್ತಿದಾರೆ. ನಮ್ಮ ಕಡೆ ಇದೇ ಕೆಲಸಕ್ಕೆ ಒಂದು ಬೀದಿ ಜನ ಕೂರ್ತಿದ್ರು. ಟೆಕ್ನಾಲಜಿ ಜಾಗತೀಕರಣ ಅಂತೀರಲ್ಲ, ನಮ್ಮ ಊರಿಗೆ ಅದು ತಂದಿದ್ದು ಇಷ್ಟೇ. ಮೆಷಿನ್ನೂ ಅವರ್ದು, ನೂಲೂ ಅವರ್ದು. ಪವಿ ಮದುವೆಗೆ ಪರದೇಶದ ನೂಲಿನ ಒಂದು ಸೀರೆನೂ ಬರಕೂಡದು, ಈಗ್ಲೇ ಹೇಳಿದೀನಿ

ಮಂಜು: ದೊಡ್ಡಪ್ಪ ಬೇಜಾರ್ ಮಾಡ್ಕೋಬೇಡಿ, ಆದ್ರೆ ರೇಷ್ಮೆನೇ ಹೊರಗಿಂದ ಬಂದಿದ್ದಲ್ವಾ, ಟಿಪ್ಪು ಕಾಲದಲ್ಲಿ ಬಂಗಾಳದಿಂದ ಮೈಸೂರಿಗೆ ಬಂತು, ಆಮೇಲೆ ಜಮ್ಷೆಡ್‌ಜಿ ಟಾಟಾ ಬೆಂಗಳೂರಲ್ಲಿ ಫಾರ್ಮ್ ಮಾಡಿ ಜಪಾನಿನವರನ್ನ ಕರೆಸಿದ್ರು, ಬಸವನಗುಡಿ ಕಡೆ ಟಾಟಾ ಸಿಲ್ಕ್ ಫಾರ್ಮ್ ಅನ್ನೋ ಹೆಸರು ಈಗ್ಲೂ ಇದೆ. ಜಯಮ್ಮತ್ತೆ ಈಗ ಸಾಕ್ತಿರೋ ದ್ವಿತಳಿ ಹುಳನೂ (ವರ್ಷಕ್ಕೆ ಎರಡು ಪೀಳಿಗೆ ಆಗೋ ಜಾತಿ) ಅಷ್ಟೇ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು 1991ರಿಂದ ಜಪಾನ್ ಸರ್ಕಾರದ ನೆರವಿನ ಸಂಸ್ಥೆ ಜೈಕಾ ಜೊತೆ ಸೇರಿ ಮಾಡಿದ ಕೆಲಸದಿಂದ ಬಂದ ಸಿಎಸ್‌ಆರ್ ತಳಿ. ಬಾಗಿಲು ಹಾಕ್ಕೊಂಡು ಕೂತಿದ್ರೆ ಇದ್ಯಾವ್ದೂ ಬರ್ತಿರ್ಲಿಲ್ಲ

ದೊಡ್ಡಪ್ಪ: ವಿದ್ಯೆ ಕಲಿಸಿದ್ದು ಬೇರೆ ಮಾಲು ತಂದು ಸುರಿಯೋದು ಬೇರೆ ಮಂಜು. ಜಪಾನಿನವರು ಕಲಿಸಿದ್ರು ಸರಿ ಒಪ್ತೀನಿ. ಚೀನಾ 2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಡಬ್ಲ್ಯುಟಿಒ ಸೇರ್ತು, 2003ಕ್ಕೇ ನಮ್ಮ ಸರ್ಕಾರ ಅವರ ಕಚ್ಚಾ ರೇಷ್ಮೆ ಮೇಲೆ ಆ್ಯಂಟಿ ಡಂಪಿಂಗ್ ಸುಂಕ, ಅಂದ್ರೆ ತೀರಾ ಅಗ್ಗಕ್ಕೆ ತಂದು ಸುರಿಯೋದನ್ನ ತಡೆಯೋ ಸುಂಕ ಹಾಕಬೇಕಾಯ್ತು. ಸುಮ್ನೆ ಹಾಕಿದ್ರಾ? ಮತ್ತೆ ಹೊರಗಿಂದ ಬರೋದೆಲ್ಲ ಒಳ್ಳೇದೇನಲ್ಲ, ರೇಷ್ಮೆ ಹುಳದ ಮೇಲೆ ಮೊಟ್ಟೆ ಇಟ್ಟು ಅದನ್ನ ಕೊಲ್ಲೋ ಊಜಿ ನೊಣ ನಮ್ಮ ರಾಜ್ಯಕ್ಕೆ ಬಂದಿದ್ದು 1980ರಲ್ಲಿ, ಬಂಗಾಳದ ಗೂಡಿನ ಜೊತೆ. ಅಲ್ಲೀವರೆಗೂ ನಮ್ಮೋರು ಹುಳ ಮನೆ ಕಿಟಕಿಗೆ ಜಾಲರಿ ಹಾಕಿದ್ದೇ ಇಲ್ಲ

ಚಿಕ್ಕಪ್ಪ: ಅಣ್ಣ ಆ ಬೀದಿ ಜನ ಅಂದ್ಯಲ್ಲ ಅದ್ರಲ್ಲಿ ನಾನೂ ಒಬ್ಬ

ಚಿಕ್ಕಪ್ಪ: ಹನ್ನೊಂದು ವರ್ಷ ನಂಗೆ. ಬೇಸಿಗೆ ರಜದಲ್ಲಿ ಗೂಡಿಂದ ನೂಲು ಬಿಚ್ಚೋ ಚರಕ ತಿರುಗಿಸೋಕೆ ಹೋದೋನು ಶಾಲೆ ಶುರುವಾದ್ಮೇಲೂ ಅಲ್ಲೇ ಉಳ್ಕೊಂಡೆ. ಕುದಿಯೋ ನೀರಿಂದ ಬರಿಗೈಲಿ ಗೂಡು ತೆಗೆದು ಎಳೆ ಹಿಡೀಬೇಕು, ಬೆರಳೆಲ್ಲ ಬೆಂದು ಬೆಳ್ಳಗೆ ಸುಕ್ಕಾಗಿರೋದು, ರಾತ್ರಿ ಅನ್ನ ಕಲೆಸಕ್ಕೆ ಆಗ್ತಿರ್ಲಿಲ್ಲ, ಅಮ್ಮ ಚಮಚ ಕೊಡೋಳು. ಒಳಗೆ ಸತ್ತ ಹುಳದ ವಾಸನೆ, ಹೊಗೆ. ನಮ್ಮ ಜೊತೆ ಕೂರ್ತಿದ್ದ ಒಬ್ರು ಹೆಂಗಸಿಗೆ ಆ ಹೊಗೆಯಲ್ಲೇ ಉಬ್ಬಸ ಹತ್ತಿದ್ದು ಸಾಯೋವರೆಗೂ ಬಿಡ್ಲಿಲ್ಲ. ಆ ಕೆಲಸ ಮೆಷಿನ್ ಮಾಡುತ್ತೆ ಅಂದ್ರೆ ಮಾಡ್ಲಿ ಅಣ್ಣ, ನಂಗೆ ಒಂದು ಚೂರೂ ಬೇಜಾರಿಲ್ಲ

ದೊಡ್ಡಪ್ಪ: ನಿನ್ನ ಕೈ ನಾನು ಮರ್ತಿಲ್ಲ ಕಣೋ

ದೊಡ್ಡಪ್ಪ: ನಾನು ಕೇಳೋದು ಬೇರೆ. ಅಲ್ಲಿ ಕೂರ್ತಿದ್ದ ಹೆಂಗಸ್ರು ಈಗ ಎಲ್ಲಿ?

ಚಿಕ್ಕಪ್ಪ: ಗಾರ್ಮೆಂಟ್ಸಲ್ಲಿ. ಬೆಳಿಗ್ಗೆ ಕತ್ತಲಲ್ಲೇ ವ್ಯಾನ್ ಬರುತ್ತೆ. ಹೊರದೇಶಕ್ಕೆ ಹೋಗೋ ಶರ್ಟ್ ಹೊಲೀತಾರೆ. ಪಿಎಫ್ ಇದೆ ಇಎಸ್ಐ ಇದೆ, ಚರಕದಲ್ಲಿ ಅದೇನೂ ಇರ್ಲಿಲ್ಲ. ಆದ್ರೆ ಆರ್ಡರ್ ಕಮ್ಮಿಯಾದ್ರೆ ನಾಳೆಯಿಂದ ಬರಬೇಡ ಅಂತಾರೆ ಅದೂ ಇದೆ

ಪವಿತ್ರ: ಅಪ್ಪ ನನ್ನ ಸೀರೆ ವಿಷ್ಯ ನಂಗೂ ಸ್ವಲ್ಪ ಕೇಳಿ 🙏 ಹೋದ ವರ್ಷ ಆನ್‌ಲೈನಲ್ಲಿ ಪ್ಯೂರ್ ಸಿಲ್ಕ್ ಅಂತ ತರಿಸಿದ್ನಲ್ಲ, ಒಂದು ಎಳೆ ಕಿತ್ತು ಸುಟ್ಟು ನೋಡಿದ್ರೆ ಕೂದಲು ಸುಟ್ಟ ವಾಸನೆ ಬರ್ಲೇ ಇಲ್ಲ, ಪ್ಲಾಸ್ಟಿಕ್ ತರ ಕರಗಿ ಗುಂಡಗೆ ಗಟ್ಟಿಯಾಯ್ತು. ಅದಕ್ಕೇ ಈ ಸಲ ನಾಗರಾಜ್ ಭಾವನ ಹತ್ರಾನೇ ಮಾಡಿಸೋಣ ಅಂತ ಅಂದಿದ್ದು

ನಾಗರಾಜ್ ಭಾವ (ದೊಡ್ಡಬಳ್ಳಾಪುರ): ಮಾವ ನಮಸ್ಕಾರ. ಈಗ ಮಗ್ಗ ನಿಲ್ಸಿ ಓದ್ದೆ. ಒಂದು ಮಾತು ನೇರವಾಗಿ ಹೇಳ್ತೀನಿ ತಪ್ಪು ತಿಳ್ಕೋಬೇಡಿ. ಪವರ್‌ಲೂಮಲ್ಲಿ ಹಾಸುಗೆ, ಅಂದ್ರೆ ಉದ್ದ ಎಳೆಗೆ, ಒಂದೇ ಸಮ ಇರೋ ಗಟ್ಟಿ ನೂಲು ಬೇಕು. ನಾಟಿ ತಳಿಗೆ ದ್ವಿತಳಿ ಬೆರೆಸಿದ ಮಿಶ್ರತಳಿ ಗೂಡಿನ ಚರಕ ನೂಲು ಹಾಕಿದ್ರೆ ಗಳಿಗೆಗೊಂದು ಎಳೆ ಕಿತ್ತೋಗುತ್ತೆ, ಗಂಟು ಹಾಕೋದ್ರಲ್ಲೇ ದಿನ ಮುಗಿಯುತ್ತೆ. ಚೀನಾ ನೂಲು ಬಂದಿದ್ರಿಂದಲೇ ನಮ್ಮ ಕಡೆ ಮಗ್ಗ ಓಡಿದ್ದು. ಹೊಕ್ಕಿಗೆ, ಅಂದ್ರೆ ಅಡ್ಡ ಎಳೆಗೆ, ನಮ್ಮೋರ ನೂಲೇ ಹಾಕ್ತೀವಿ. ನೀವು ಸುಂಕ ಜಾಸ್ತಿ ಮಾಡಿ ಅಂತೀರ, ರೈತರೂ ಅದನ್ನೇ ಕೇಳ್ತಾರೆ, ಸುಂಕ ಏರಿದ ತಿಂಗಳು ನೂಲಿನ ರೇಟ್ ಏರುತ್ತೆ ಸೀರೆ ರೇಟ್ ಏರಲ್ಲ, ಅಂಗಡಿಯೋನು ಹಳೇ ರೇಟಿಗೇ ಕೇಳ್ತಾನೆ, ಆ ವ್ಯತ್ಯಾಸ ನಾನು ನನ್ನ ಮಗ್ಗದ ಹುಡುಗ್ರು ಹೊರಬೇಕು

ಮಂಜು: ಭಾವ ಹೇಳಿದ್ದು ನೋಡಿ ದೊಡ್ಡಪ್ಪ, ಒಂದೇ ಮನೇಲಿ ಒಬ್ರಿಗೆ ಲಾಭ ಒಬ್ರಿಗೆ ನಷ್ಟ

ದೊಡ್ಡಪ್ಪ: ಜಯಮ್ಮ ಏನಂತಾಳೆ ಕೇಳೋಣ. ಜಯಾ ನೋಡಿದ್ಯಾ?

ಜಯಮ್ಮತ್ತೆ: ಈಗ ನೋಡ್ದೆ ಅಣ್ಣ, ಹುಳಕ್ಕೆ ಸೊಪ್ಪು ಹಾಕ್ತಿದ್ದೆ

ಜಯಮ್ಮತ್ತೆ: ನೀನು ಹಳೇ ಕಾಲ ಚೆನ್ನಾಗಿತ್ತು ಅಂತೀಯ, ಆಗ ನೀನು ಸ್ಕೂಲಲ್ಲಿದ್ದೆ ಹುಳ ಮನೇಲಿ ಇದ್ದಿದ್ದು ಅಮ್ಮ ನಾನು. ಒಂದೊಂದೇ ಎಲೆ ಕಿತ್ತು ತಂದು ಹೆಚ್ಚಿ ತಟ್ಟೆ ಇಳಿಸಿ ಹಾಕಿ ಮತ್ತೆ ಏರಿಸಿ, ದಿನಕ್ಕೆ ಐದು ಸಲ, ಸರಿರಾತ್ರೀಲೂ ಒಂದ್ಸಲ ಎದ್ದು ಲಾಟೀನು ಹಿಡ್ಕಂಡು. ಅಮ್ಮನ ಸೊಂಟ ಹೋಗಿದ್ದು ಆ ತಟ್ಟೆ ಇಳಿಸಿ ಇಳಿಸೀನೇ. ಈಗ ರೆಂಬೆ ಸಮೇತ ಕುಯ್ದು ಹಂಗೇ ಸ್ಟ್ಯಾಂಡ್ ಮೇಲೆ ಹಾಸ್ತೀವಿ, ಮರಿ ಹುಳ ಸಾಕಿ ಕೊಡೋ ಚಾಕಿ ಸೆಂಟರಿಂದ ಎರಡನೇ ಜ್ವರ ಎದ್ದ, ಅಂದ್ರೆ ಎರಡ್ಸಲ ಪೊರೆ ಬಿಟ್ಟ ಹುಳ ತತ್ತೀವಿ, ಸುಣ್ಣಕಟ್ಟು ಸಪ್ಪೆ ಅಂತ ಹುಳದ ರೋಗ ಏನಾರ ಕಂಡ್ರೆ ಫೋಟೋ ತೆಗ್ದು ವಾಟ್ಸಾಪಲ್ಲೇ ಕಳಿಸಿ ಕೇಳ್ತೀವಿ. ಇನ್ನೂರು ಮೊಟ್ಟೆ ಹುಳ, ಅಂದ್ರೆ ಇನ್ನೂರು ಚಿಟ್ಟೆ ಇಟ್ಟ ಮೊಟ್ಟೆಯ ಹುಳವಷ್ಟೂ ನಾನೂ ನಿಮ್ ಭಾವನೂ ಇಬ್ರೇ ಸಾಕ್ತೀವಿ. ಇದೆಲ್ಲ ಬ್ಯಾಡ ಅಂತ ನಾನು ಯಾವತ್ತೂ ಹೇಳಲ್ಲ

ಮಂಜು: 👏👏 ಅದಕ್ಕೇ ಹೇಳಿದ್ದು. ಮಾರ್ಕೆಟ್ಟಲ್ಲೂ ಈಗ ಇ ಹರಾಜು ಅತ್ತೆ, ಗೂಡು ಕೊಂಡು ನೂಲು ತೆಗೆಯೋ ರೀಲರ್‌ಗಳು ಮೊಬೈಲಲ್ಲೇ ಬಿಡ್ ಹಾಕ್ತಾರೆ, ದುಡ್ಡು ಸೀದಾ ಬ್ಯಾಂಕಿಗೆ, ಇವತ್ತು ಯಾವ ಊರಲ್ಲಿ ಎಷ್ಟು ಅಂತ ಫೋನಲ್ಲೇ ಗೊತ್ತಾಗುತ್ತೆ. ರೈತನ ಕೈಗೆ ಪವರ್ ಬಂತು

ಜಯಮ್ಮತ್ತೆ: ನಿಲ್ಲು ಮಂಜು, ಮುಗಿಸ್ಲಿಲ್ಲ ನಾನು

ಜಯಮ್ಮತ್ತೆ: ಹರಾಜು ಮೊಬೈಲಿಗೆ ಬಂದಿದ್ದು ಒಳ್ಳೇದೇ ಆಯ್ತು. ಮುಂಚೆ ಕೊಳ್ಳೋರು ನಾಲ್ಕು ಜನ ಒಳಗೊಳಗೇ ಮಾತಾಡ್ಕಂಡು ಒಂದು ರೇಟ್ ಕೂಗಿ ಸುಮ್ನಾಗೋರು, ನೋಡ್ತೀನಿ ಅಂತ ಬಂದೋರೆಲ್ಲ ಹಿಡಿ ಹಿಡಿ ಗೂಡು ಎತ್ಕಂಡು ಹೋಗೋರು, ದುಡ್ಡಿಗೆ ಸಂಜೆ ಗಂಟ ಕಾಯ್ಬೇಕಿತ್ತು. ಅದು ತಪ್ತು. ಆದ್ರೆ ಪವರ್ ಬಂತು ಅಂತೀಯಲ್ಲ ಅದು ನಂಗೆ ಕಾಣಲ್ಲಪ್ಪ. ಹುಳ ಗೂಡು ಕಟ್ಟಿ ಐದಾರು ದಿನಕ್ಕೆ ಬಿಡಿಸ್ಬೇಕು, ಇನ್ನೊಂದು ಐದಾರು ದಿನ ಬಿಟ್ರೆ ಚಿಟ್ಟೆ ಗೂಡು ತೂತ ಮಾಡ್ಕಂಡು ಹೊರಗೆ ಬತ್ತದೆ, ಆ ಗೂಡಿಂದ ನೂಲು ಬಿಚ್ಚಕ್ಕಾಗಲ್ಲ. ಇವತ್ತು ರೇಟ್ ಬಿದ್ದದೆ ಅಂತ ಫೋನು ತೋರಿಸ್ತದೆ, ತೋರಿಸಿದ್ರೆ ನಾನೇನ್ ಮಾಡ್ಲಿ? ರಾಗಿನಾ ಇದು, ಮೂಟೆ ಕಟ್ಟಿ ಅಟ್ಟಕ್ಕೆ ಹಾಕಕ್ಕೆ? ಬಿದ್ದ ರೇಟಿಗೇ ಕೊಟ್ಟು ಬರ್ಬೇಕು. ಗೊತ್ತಿಲ್ದೆ ಕೊಟ್ಟು ಬರೋದು ಒಂದು, ಗೊತ್ತಿದ್ದೂ ಕೊಟ್ಟು ಬರೋದು ಇನ್ನೊಂದು. ಎರಡನೇದ್ರಲ್ಲಿ ಸಂಕಟ ಜಾಸ್ತಿ

ಜಯಮ್ಮತ್ತೆ: 2011 ನೆನಪಿಲ್ವಾ ನಿಮಗ್ಯಾರಿಗೂ. ಡೆಲ್ಲೀಲಿ ಬಜೆಟ್ ಓದಿದ್ರು

ದೊಡ್ಡಪ್ಪ: ಹೊರಗಿಂದ ಬರೋ ಕಚ್ಚಾ ರೇಷ್ಮೆ ಮೇಲೆ 30 ಪರ್ಸೆಂಟ್ ಇದ್ದ ಸುಂಕ 5ಕ್ಕೆ ಇಳಿಸಿದ್ರು. ಒಂದೇ ಏಟಿಗೆ

ಜಯಮ್ಮತ್ತೆ: ಹೂಂ. ಆ ಬೇಸಿಗೆ ಬೆಳೆಗೆ ಹಿಂದಿನ ಬೆಳೆ ದುಡ್ಡಿನ ಅರ್ಧಾನೂ ಬರ್ಲಿಲ್ಲ. ಸೊಪ್ಪೂ ಅದೇ ಹುಳನೂ ಅದೇ ನಾನೂ ಅದೇ. ದೊಡ್ಡೋಳ ಕಾಲೇಜ್ ಫೀಸಿಗೆ ಓಲೆ ಅಡ ಇಟ್ಟಿದ್ದು ಆಗ್ಲೇ. ನಮ್ದೇನು ತಪ್ಪು ಅಂತ ಯಾರ್ನ ಕೇಳೋದು?

ಮಂಜು: ಅತ್ತೆ ಓಲೆ ವಿಷ್ಯ ನಂಗೆ ಗೊತ್ತೇ ಇರ್ಲಿಲ್ಲ

ಜಯಮ್ಮತ್ತೆ: ನೀನು ಹಾಸ್ಟೆಲಲ್ಲಿದ್ದೆ

ನಾಗರಾಜ್ ಭಾವ (ದೊಡ್ಡಬಳ್ಳಾಪುರ): ಅತ್ತೆ ಆ ವರ್ಷ ನಾವು ಖುಷಿಯಾಗಿದ್ವಿ, ಸುಳ್ಳು ಹೇಳಲ್ಲ. ನೂಲು ಅಗ್ಗ ಆಯ್ತು ಅಂತ ಎರಡು ಮಗ್ಗ ಸಾಲ ಮಾಡಿ ಹಾಕ್ಸಿದೆ. 2013ಕ್ಕೆ 15 ಮಾಡಿದ್ರು, ಆಮೇಲೆ ಮತ್ತೆ 10ಕ್ಕೆ ಬಂತು, 2021ರಲ್ಲಿ ಮತ್ತೆ 15. ಏರಿಸ್ಲಿ ಇಳಿಸ್ಲಿ, ಮುಂಚೆ ಒಂದು ಮಾತು ಹೇಳಿ ನಿಧಾನಕ್ಕೆ ಮಾಡಿದ್ರೆ ನಾವೂ ತಡ್ಕೋತೀವಿ ನೀವೂ ತಡ್ಕೋತೀರ. ರಾತ್ರೋರಾತ್ರಿ ಮಾಡ್ತಾರೆ. ದೊಡ್ಡ ವ್ಯಾಪಾರಿ ಗೋಡೌನಲ್ಲಿ ಇಟ್ಕೊಂಡು ಕಾಯ್ತಾನೆ, ನೀವು ನಾವು ಕಾಯಕ್ಕಾಗಲ್ಲ

ದೊಡ್ಡಪ್ಪ: ಅದೇ ನಾನು ಹೇಳಿದ್ದು

ಚಿಕ್ಕಪ್ಪ: ಇಲ್ಲ ಅಣ್ಣ ನೀನು ಮೆಷಿನ್ ಬೇಡ ಅಂದೆ. ಅಕ್ಕ ಹೇಳ್ತಿರೋದು ಅದಲ್ಲ

ದೊಡ್ಡಪ್ಪ: ಸರಿ ಒಪ್ಪಿದೆ. ಮೆಷಿನ್ ಬಗ್ಗೆ ನಾನು ಅವಸರದಲ್ಲಿ ಬರೆದೆ. ಸುರಿಯೋ ಮಾಲಿನ ಬಗ್ಗೆ ಹೇಳಿದ್ದು ವಾಪಸ್ ತಗೊಳಲ್ಲ

ಮಂಜು: ಅತ್ತೆ ಒಂದು ಡೌಟು. ಗೂಡು ಒಣಗಿಸಿ ಇಡಕ್ಕಾಗಲ್ವಾ? ಈ ವಿಡಿಯೋದಲ್ಲೇ ಶುರುವಲ್ಲಿ ಬಿಸಿಗಾಳಿ ಡ್ರೈಯರ್ ತೋರಿಸ್ತಾರೆ, ಒಳಗಿನ ಹುಳ ಸಾಯುತ್ತೆ ಗೂಡು ತಿಂಗಳುಗಟ್ಟಲೆ ಕೆಡಲ್ಲ ಅಂತ

ಜಯಮ್ಮತ್ತೆ: ಆಗ್ತದೆ. ದೊಡ್ಡ ರೀಲರ್‌ಗಳ ಹತ್ರ ಅದೆ, ಅದಕ್ಕೇ ಅವ್ರು ರೇಟ್ ಬಿದ್ದಾಗ ತಗಂಡು ಇಟ್ಕತಾರೆ. ನಮ್ಮಂಥೋರು ಒಬ್ಬೊಬ್ರೇ ಅದನ್ನ ತರಕ್ಕಾಯ್ತದಾ? ಹತ್ತು ಮನೆ ಸೇರಿ ಒಂದು ಇಟ್ಕಂಡು, ಇಟ್ಟ ಗೂಡಿನ ಮೇಲೆ ಸೊಸೈಟಿ ಸ್ವಲ್ಪ ಸಾಲ ಕೊಟ್ರೆ ಸಾಕು, ಹದಿನೈದು ದಿನ ಉಸಿರು ಹಿಡ್ಕೋಬೋದು. ಟೆಕ್ನಾಲಜಿ ಅಂದ್ರೆ ನಂಗೆ ಬೇಕಿರೋದು ಅದು ಮಂಜು. ರೇಟ್ ತೋರ್ಸೋದು ನಮ್ ಕೈಗೆ ಬಂತು, ಕಾಯಕ್ಕೆ ಬೇಕಾಗಿರೋದು ಕೊಳ್ಳೋರ ಹತ್ರಾನೇ ಉಳ್ಕತು

ಮಂಜು: ನಾನು ವಿಚಾರಿಸ್ತೀನಿ. ಚಿಕ್ಕದು ಎಷ್ಟಾಗುತ್ತೆ, ಸಬ್ಸಿಡಿ ಗುಂಪಿಗೆ ಕೊಡ್ತಾರಾ ಅಂತ ಇಲಾಖೆಲೇ ಕೇಳ್ತೀನಿ. ಶನಿವಾರ ಊರಿಗೆ ಬರ್ತೀನಿ ಅತ್ತೆ, ನಿಮ್ಮ ಬೀದೀಲಿ ಯಾರ್ಯಾರು ಸೇರ್ತಾರೆ ಕೇಳಿಟ್ಟಿರಿ

ಪವಿತ್ರ: ಸೀರೆ??

ನಾಗರಾಜ್ ಭಾವ (ದೊಡ್ಡಬಳ್ಳಾಪುರ): ಮಾವ ಒಂದು ಕೆಲಸ ಮಾಡೋಣ. ಈಗ ನಮ್ಮ ದ್ವಿತಳಿ ಗೂಡನ್ನ ಇಂಥದೇ ಮೆಷಿನಲ್ಲಿ ಬಿಚ್ಚಿದ ನೂಲು ಇಲ್ಲೇ ಸಿಗುತ್ತೆ, ಹಾಸುಗೆ ತಡೆಯುತ್ತೆ. ರೇಟ್ ಸ್ವಲ್ಪ ಜಾಸ್ತಿ. ಹಾಸು ಹೊಕ್ಕು ಎರಡೂ ನಮ್ದೇ ಹಾಕಿ ನೇಯ್ಸಿ ಕೊಡ್ತೀನಿ. ಆದ್ರೆ ಮೆಷಿನ್ ಚೀನಾದ್ದೇ ಇರುತ್ತೆ, ಅದಕ್ಕೆ ನೀವು ಬೇಡ ಅನ್ನಬಾರದು

ದೊಡ್ಡಪ್ಪ: ಆಗ್ಲಿ ನಾಗರಾಜು

ದೊಡ್ಡಪ್ಪ: ಜಯಾ, ಈ ವಿಡಿಯೋ ಡಿಲೀಟ್ ಮಾಡ್ಲಾ?

ಜಯಮ್ಮತ್ತೆ: ಬ್ಯಾಡ ಇರ್ಲಿ ಅಣ್ಣ. ಇಷ್ಟು ವರ್ಷ ಗೂಡು ಬೆಳೆದು ಮಾರಿದೀನಿ, ಅದ್ರಿಂದ ಎಳೆ ಹೆಂಗೆ ಬತ್ತದೆ ಅಂತ ಒಂದ್ಸಲನೂ ಪೂರ್ತಿ ನೋಡಿಲ್ಲ. ರಾತ್ರಿ ಸೊಪ್ಪು ಹಾಕಿ ಬಂದು ನೋಡ್ತೀನಿ