'ಟೈಗರ್ಸ್' ಓದದೆ ಬ್ಲ್ಯಾಕೆಸ್ಟ್ ನೈಟ್ ಓದಬಹುದಾ? ಜಾನ್ಸ್ ಬರೆದಿದ್ದರಲ್ಲಿ ಅಲನ್ ಮೂರ್ ಪಾಲು ಎಷ್ಟು?

ಬಾಲ್ಕನಿ_ಓದುಗ

ಎಲ್ಲರಿಗೂ ನಮಸ್ಕಾರ. ಗ್ರೀನ್ ಲ್ಯಾಂಟರ್ನ್ ಕಾಮಿಕ್ಸ್ (ಉಂಗುರದ ಬಲದಿಂದ ಬ್ರಹ್ಮಾಂಡ ಕಾಯೋ ಪಡೆಯ ಕಥೆ) ಹಿಂದೆ ಬಿದ್ದಿದ್ದೇನೆ. ಸಿನೆಸ್ಟ್ರೋ ಕೋರ್ ವಾರ್ (2007) ಮುಗೀತು, ಬ್ಲ್ಯಾಕೆಸ್ಟ್ ನೈಟ್ (2009) ಕೈಯಲ್ಲಿದೆ. ಓದ್ತಾ ಓದ್ತಾ ಒಂದು ಕಿರಿಕಿರಿ. ಸೋಡಮ್ ಯಾಟ್ ಅನ್ನೋ ಹೊಸ ಹುಡುಗ ಬಂದ ಕೂಡಲೇ ಎಲ್ಲರೂ 'ಓ, ಇವನೇನಾ ಅವನು' ಅನ್ನೋ ಥರ ನೋಡ್ತಾರೆ. ರಾಂಕ್ಸ್ ಅಂತ ಒಂದು ಜೀವಂತ ನಗರ ಯುದ್ಧಕ್ಕೇ ಬಂದುಬಿಡುತ್ತೆ, ಅದೇನು ಅಂತ ಯಾರೂ ಹೇಳಲ್ಲ. ಕೇಳಿದರೆ ನನ್ನ ಸ್ನೇಹಿತ 'ಅದೆಲ್ಲ ಅಲನ್ ಮೂರ್ ಆವತ್ತೇ ಬರೆದಿಟ್ಟಿದ್ದು ಕಣೋ' ಅಂದ.

ಹುಡುಕಿದರೆ ಮೂರ್ ಈ ಸರಣಿಗೆ ಬರೆದಿದ್ದು ಮೂರೇ ಸಣ್ಣ ಕಥೆ. ಅಷ್ಟರಿಂದ ಈಗ ನಾನು ಓದ್ತಿರೋದನ್ನ ಬರೆದ ಜೆಫ್ ಜಾನ್ಸ್ ಇಷ್ಟು ವರ್ಷದ ಸರಣಿ ಹೇಗೆ ಕಟ್ಟಿದರು? ಇದನ್ನ ಬೆಳೆಸೋದು ಅನ್ನಬೇಕಾ, ಎತ್ತಿಕೊಳ್ಳೋದು ಅನ್ನಬೇಕಾ? ಮೊದಲು ಅವನ್ನ ಓದಬೇಕಾ?

ಡಿಟಿಪಿ_ಮಾಮ

ಓದದಿದ್ದರೂ ಕಥೆ ಅರ್ಥ ಆಗುತ್ತೆ. ಆದರೆ 'ಟೈಗರ್ಸ್' ಓದಿದ ಮೇಲೆ ಜಾನ್ಸ್ ಬಗ್ಗೆ ನಿಮ್ಮ ಅಭಿಪ್ರಾಯ ಇದ್ದ ಕಡೆ ಇರಲ್ಲ.

ಸರಣಿಯ ನಾಯಕ ಹಾಲ್ ಜೋರ್ಡನ್ ಮೊದಲು ಕಾಣಿಸಿಕೊಂಡಿದ್ದು 1959ರಲ್ಲಿ, ಶೋಕೇಸ್ 22ನೇ ಸಂಚಿಕೆಯಲ್ಲಿ. ಬರೆದವರು ಜಾನ್ ಬ್ರೂಮ್, ಚಿತ್ರ ಗಿಲ್ ಕೇನ್. ಅಬಿನ್ ಸರ್ ಅನ್ನೋ ಪರಗ್ರಹದವನ ನೌಕೆ ಭೂಮಿಗೆ ಬೀಳುತ್ತೆ, ಸಾಯುವ ಮುಂಚೆ ಉಂಗುರವನ್ನ ಹಾಲ್ ಕೈಗೆ ಕೊಡ್ತಾನೆ. ಸರಿ. ಆದರೆ ಉಂಗುರ ಇರೋನು ಬರೀ ಮನಸ್ಸಿನ ಬಲದಿಂದ ನಕ್ಷತ್ರ ದಾಟಿ ಹೋಗಬಲ್ಲ. ಅಂಥವನು ನೌಕೆ ಯಾಕೆ ಹತ್ತಿದ? ಮೂರ್ ಹಿಡಿದಿದ್ದು ಇದೊಂದೇ ಎಳೆ. 1986ರ ಗ್ರೀನ್ ಲ್ಯಾಂಟರ್ನ್ ಕೋರ್ ಆನ್ಯುಯಲ್ 2ರಲ್ಲಿ, ಹತ್ತು-ಹನ್ನೆರಡು ಪುಟದೊಳಗೆ. ಅದೇ 'ಟೈಗರ್ಸ್'.

ಅಬಿನ್ ಸರ್ ಇಸ್ಮಾಲ್ಟ್ ಅನ್ನೋ ಗ್ರಹಕ್ಕೆ ಇಳೀತಾನೆ. ಅಲ್ಲೊಂದು ನೌಕೆ ಬಿದ್ದಿದೆ, ಬದುಕಿರೋರನ್ನ ಹುಡುಕಬೇಕು. ಆ ಗ್ರಹವೇ ಒಂದು ಬಂದೀಖಾನೆ, ಸೋತ ಸಾಮ್ರಾಜ್ಯವೊಂದರ ಪಿಶಾಚಿಗಳನ್ನ ಅಲ್ಲಲ್ಲೇ ಕಟ್ಟಿಹಾಕಿ ಬಿಟ್ಟಿದ್ದಾರೆ. ಅವುಗಳಲ್ಲೊಂದು ಕ್ವಲ್. 'ಮೂರು ಪ್ರಶ್ನೆ ಕೇಳು, ನಿಜ ಹೇಳ್ತೀನಿ' ಅನ್ನುತ್ತೆ. ಮೊದಲ ಉತ್ತರ ಪಕ್ಕಾ ನಿಜ, ಒಂದು ಜೀವ ಉಳಿಯುತ್ತೆ. ನಂಬಿಕೆ ಕುದುರಿತು. ಎರಡನೆಯದು: ನಿನಗೆ ತೀರಾ ಬೇಕಾದ ಹೊತ್ತಿಗೇ ಉಂಗುರ ಕೈಕೊಡುತ್ತೆ. ಮೂರನೆಯದು: ನಿಮ್ಮ ಇಡೀ ಪಡೆ ಹೀಗೆ ಹೀಗೆ ನಾಶವಾಗುತ್ತೆ. ನಿಮಗೆ ಕಿರಿಕಿರಿ ಮಾಡಿದ ಸೋಡಮ್ ಯಾಟ್, ರಾಂಕ್ಸ್ ಎಲ್ಲ ಈ ಮೂರನೇ ಉತ್ತರದಲ್ಲಿ ಒಂದೊಂದು ಸಾಲಾಗಿ ಬಂದುಹೋಗೋ ಹೆಸರುಗಳು. ಅಷ್ಟೇ. ಚಿತ್ರಕಾರ ಕೆವಿನ್ ಓನೀಲ್ ಅವನ್ನ ಬೆರಳೆಣಿಕೆಯ ಚೌಕಗಳಲ್ಲಿ ಮುಗಿಸಿಬಿಡ್ತಾರೆ.

(ಓನೀಲ್ ಬಗ್ಗೆ ಒಂದು ಮಾತು ಹೇಳಲೇಬೇಕು, ನಾನು ದಿನಾ ಪುಟ ಕಟ್ಟೋನು. ಅಮೆರಿಕದಲ್ಲಿ ಕಾಮಿಕ್ಸ್‌ಗೆ ಸೆನ್ಸಾರ್ ಥರ ಇದ್ದ ಕಾಮಿಕ್ಸ್ ಕೋಡ್‌ನವರು ಈ ಕಥೆಗೆ ಮುದ್ರೆ ಒತ್ತಲಿಲ್ಲ. ಯಾವ ಚಿತ್ರ ತಿದ್ದಬೇಕು ಅಂತ ಕೇಳಿದರೆ, ಯಾವುದೋ ಒಂದಲ್ಲ, ಇವರ ಚಿತ್ರದ ಶೈಲಿಯೇ ಆಗದು ಅಂದರಂತೆ! ಪ್ರಕಾಶನ ಸಂಸ್ಥೆ ಡಿಸಿ ಆ ಮುದ್ರೆ ಇಲ್ಲದೇ ಅಚ್ಚು ಹಾಕಿತು. ಆ ಪಿಶಾಚಿಗಳ ಹಲ್ಲು, ಮೊಳೆ, ಮಡಿಕೆ ಮಡಿಕೆ ಚರ್ಮ ನೋಡಿ, ಕೋಡ್‌ನವರು ಯಾಕೆ ಬೆವೆತರು ಅಂತ ಗೊತ್ತಾಗುತ್ತೆ.)

ಈಗ ಆ ಎರಡನೇ ಉತ್ತರಕ್ಕೆ ಬನ್ನಿ. ನಮಗೆ ತಕ್ಷಣ ಕರ್ಣ ನೆನಪಾಗ್ತಾನೆ. ಬೇಕಾದ ಹೊತ್ತಿಗೆ ಅಸ್ತ್ರದ ಮಂತ್ರ ಮರೆತುಹೋಗಲಿ ಅಂತ ಪರಶುರಾಮರ ಶಾಪ. ಆದರೆ ಅಲ್ಲಿ ಶಾಪ ಶಾಪವೇ, ಕರ್ಣ ನಂಬಲಿ ಬಿಡಲಿ ತಟ್ಟುತ್ತೆ. ಇಲ್ಲಿ ಹಾಗಲ್ಲ. ಉಂಗುರ ಕೈಕೊಡಬಹುದು ಅಂತ ಹೆದರಿ ಅಬಿನ್ ಸರ್ ನೌಕೆ ಹತ್ತುತ್ತಾನೆ. ಆ ನೌಕೆಯೇ ಅವನನ್ನ ಕೊಲ್ಲುತ್ತೆ. ಕ್ವಲ್ ಹೇಳಿದ್ದು ಸುಳ್ಳಲ್ಲ, ಆದರೆ ಕಿವಿಗೆ ಬೀಳದೇ ಇದ್ದಿದ್ದರೆ ನಿಜವೂ ಆಗ್ತಿರಲಿಲ್ಲ. 1959ರ ಆ ನೌಕೆಯ ರಹಸ್ಯ ಇದು: ಒಬ್ಬ ಧೈರ್ಯವಂತ ಪಿಶಾಚಿಯ ಮಾತಿಗೆ ಕಿವಿ ಕೊಟ್ಟ.

ಜಾನ್ಸ್ ಇದನ್ನ ಏನು ಮಾಡಿದರು? 2008ರಲ್ಲಿ ಬಂದ 'ಸೀಕ್ರೆಟ್ ಆರಿಜಿನ್' ಭಾಗ ತೆಗೆದು ನೋಡಿ. ಅಬಿನ್ ಸರ್ ನೌಕೆಯಲ್ಲಿ ಈಗ ಅಟ್ರಾಸಿಟಸ್ ಅನ್ನೋ ಕೈದಿ ಇದ್ದಾನೆ, ಇಸ್ಮಾಲ್ಟ್‌ನಲ್ಲಿ ಕಟ್ಟಿಹಾಕಿದ್ದವನೇ. ಬ್ಲ್ಯಾಕೆಸ್ಟ್ ನೈಟ್ ಬೇರು ಹುಡುಕಿ ಅಬಿನ್ ಇವನನ್ನ ಭೂಮಿಗೆ ಕರ್ಕೊಂಡು ಬರ್ತಿದ್ದಾನೆ. ದಾರಿಯಲ್ಲಿ ಅನುಮಾನ ಹೊಕ್ಕು ಅಬಿನ್‌ನ ಮನೋಬಲ ಕುಗ್ಗುತ್ತೆ, ಕೈದಿ ಕಟ್ಟು ಬಿಡಿಸಿಕೊಂಡು ಹೊಡೀತಾನೆ. ಭಯದ ಎಳೆ ಉಳಿದಿದೆ, ಇಲ್ಲ ಅನ್ನಲ್ಲ. ಆದರೆ ಭಯದ ಗುರುತಾಗಿದ್ದ ನೌಕೆ ಈಗ ಕೈದಿಯನ್ನ ಕೋರ್ಟಿಗೆ ಕರ್ಕೊಂಡು ಹೋಗೋ ಪೊಲೀಸ್ ವ್ಯಾನ್ ಆಗಿದೆ. ಆ ಮೂರನೇ ಉತ್ತರಾನೂ ಹಾಗೇ. ಸಿನೆಸ್ಟ್ರೋ ಕೋರ್ ವಾರ್‌ನಲ್ಲಿ ಅದು ನಡೆಯುತ್ತೋ ಇಲ್ಲವೋ, ಯಾಟ್ ಸಾಯ್ತಾನೋ ಉಳೀತಾನೋ ಅನ್ನೋದೇ ಕುತೂಹಲ. ಕ್ರಿಕೆಟ್ ಮ್ಯಾಚಿನ ಕೊನೇ ಓವರ್ ಮಜಾ ಇದೆ, ನಾನೂ ಒಂದೇ ಉಸಿರಿಗೆ ಓದಿದವನೇ. ಮೂರ್ ಕಥೆಯಲ್ಲಿ ಮಾತ್ರ ಪ್ರಶ್ನೆ ಅದಾಗಿರಲೇ ಇಲ್ಲ.

ಹುಬ್ಬಳ್ಳಿ_ಹುಂಜ

ಮಾಮಾ, ನೀವು ಹೇಳಿದ್ದು ಖರೇ ಅದ, ಆದ್ರ ಒಂದ್ ಕಡೀನೇ ನೋಡಾಕತ್ತೀರಿ. ತಿಂಗಳಾ ತಿಂಗಳಾ ಪುಸ್ತಕ ಬರಬೇಕು, ವರ್ಷಗಟ್ಟಲೆ ನಡೀಬೇಕು. ಹನ್ನೆರಡು ಪುಟದ ವ್ಯಂಗ್ಯಾನ ಎಂಟು ವರ್ಷ ಎಳದ್ರ ಯಾರ್ ಓದ್ತಾರ? ಜಾನ್ಸ್‌ಗ ಊರು ಬೇಕಿತ್ತು, ಹೆಸರು ಬೇಕಿತ್ತು, ತಗೊಂಡ. ಮತ್ತ ಅದೇ ಹೊತ್ತಿನ್ಯಾಗ ಗ್ರೀನ್ ಲ್ಯಾಂಟರ್ನ್ ಕೋರ್ ಬರಿಯಾಕತ್ತಿದ್ದವರು ಯಾರ್ ಹೇಳ್ರಿ? ಡೇವ್ ಗಿಬ್ಬನ್ಸ್. ಆ ಮೂರು ಕಥ್ಯಾಗ ಒಂದಾದ ಮೋಗೋ ಅನ್ನೋ ಲ್ಯಾಂಟರ್ನ್ ಕಥೀಗೆ ಮೂರ್ ಜೋಡಿ ಕೂತು ಚಿತ್ರ ಬರದ ಮನಷ್ಯಾ! ತನ್ನ ಮನೀ ಸಾಮಾನು ತಾನ ತಗೊಂಡ್ರ ಕಳ್ಳತನ ಹ್ಯಾಂಗ ಆಕ್ಕೈತಿ?

ಇನ್ನೊಂದು. ಮೂರ್ ಅವರು ಡಿಸಿಯವರು ನನ್ನ ಹಳೇ ಸಣ್ಣ ಕಥೀನ ಕೆದರಿ ಕೆದರಿ ತಿಂತಾರ ಅಂತ ಗೇಲಿ ಮಾಡ್ಯಾರ. ಅವರು ಬರದ ಸ್ವಾಂಪ್ ಥಿಂಗ್ ಮೊದಲ ಯಾರದ್ರೀ? 1971ರಾಗ ಲೆನ್ ವೈನ್, ಬರ್ನಿ ರೈಟ್‌ಸನ್ ಮಾಡಿದ್ದು. ಅವರ ವಾಚ್‌ಮೆನ್? ಚಾರ್ಲ್ಟನ್ ಕಂಪನಿಯ ಕ್ವೆಶ್ಚನ್, ಬ್ಲೂ ಬೀಟಲ್, ಕ್ಯಾಪ್ಟನ್ ಆಟಮ್ ಇಟ್ಕೊಂಡ ಹೊಂಟಿದ್ದು, ಡಿಸಿ ಬ್ಯಾಡ ಅಂದ ಮ್ಯಾಲೆ ಹೆಸರು ಬದಲಾತು. ಅವರು ಮಾಡಿದ್ರ ಕಲೆ, ಮಂದಿ ಮಾಡಿದ್ರ ಕಸ?

ಡಿಟಿಪಿ_ಮಾಮ

ಹುಂಜಪ್ಪಾ, ಗಿಬ್ಬನ್ಸ್ ವಿಷಯ ಒಳ್ಳೇ ಏಟು. ಆ ಭಾಗಗಳಲ್ಲಿ ಮೋಗೋ ಬಂದಾಗ ಒಂಥರಾ ವಾತ್ಸಲ್ಯ ಕಾಣುತ್ತೆ, ಅದು ಹಳೇ ಕೈಯ ಗುಣವೇ. 'ಕಳ್ಳತನ' ಅಂತ ನಾನು ಹೇಳಿಲ್ಲ, ಕಾಮಿಕ್ಸ್‌ನಲ್ಲಿ ಆ ಪದಕ್ಕೆ ಅರ್ಥವೂ ಇಲ್ಲ. ನನ್ನ ತಕರಾರು ಏನನ್ನ ತಗೊಂಡರು ಅನ್ನೋದರಲ್ಲಿ.

ಸ್ವಾಂಪ್ ಥಿಂಗ್ ಎತ್ತಿದ್ದು ಒಳ್ಳೇದೇ ಆಯ್ತು. ವೈನ್ ಕಥೆಯಲ್ಲಿ ಅಲೆಕ್ ಹಾಲೆಂಡ್ ಅನ್ನೋ ವಿಜ್ಞಾನಿ ಸ್ಫೋಟದಲ್ಲಿ ಸುಟ್ಟು, ಜೌಗಿಗೆ ಬಿದ್ದು, ಹಸಿರು ಪ್ರಾಣಿಯಾಗಿ ಏಳ್ತಾನೆ. ಮತ್ತೆ ಮನುಷ್ಯ ಆಗಬೇಕು ಅನ್ನೋದೇ ಅವನ ಗೋಳು. ಮೂರ್ ಬರೆದ 1984ರ ಫೆಬ್ರವರಿ ಸಂಚಿಕೆ, 21ನೆಯದು, 'ದಿ ಅನಾಟಮಿ ಲೆಸನ್'. ಹೆಪ್ಪುಗಟ್ಟಿಸಿದ ಆ ದೇಹವನ್ನ ಜೇಸನ್ ವುಡ್‌ರೂ ಅನ್ನೋ ವಿಜ್ಞಾನಿ ಕೊಯ್ದು ನೋಡ್ತಾನೆ. ಶ್ವಾಸಕೋಶ ಇದೆ, ಉಸಿರು ಎಳೆಯಲಾರದು. ಹೃದಯದ ಆಕಾರ ಇದೆ, ರಕ್ತ ತಳ್ಳಲಾರದು. ಎಲ್ಲ ಸಸ್ಯದ ನಾರು, ಅಂಗಗಳ ವೇಷ ಹಾಕಿಕೊಂಡಿದೆ ಅಷ್ಟೇ. ಆಮೇಲೆ ಚಪ್ಪಟೆ ಹುಳುಗಳ ಪ್ರಯೋಗದ ನೆನಪು: ದಾರಿ ಕಲಿತ ಹುಳುವನ್ನ ಅರೆದು ಬೇರೆ ಹುಳುಗಳಿಗೆ ತಿನ್ನಿಸಿದರೆ ಅವಕ್ಕೂ ದಾರಿ ಗೊತ್ತಾಗುತ್ತಂತೆ. ಅಲ್ಲಿಂದ ತೀರ್ಮಾನ: ಅಲೆಕ್ ಸತ್ತೇ ಹೋಗಿದ್ದ, ಅವನನ್ನ ತಿಂದ ಗಿಡಗಳು ತಾವೇ ಅಲೆಕ್ ಅಂದುಕೊಂಡಿವೆ. ಮನುಷ್ಯ ಆಗೋ ಆಸೆಗೆ ಅರ್ಥವೇ ಉಳಿಯಲಿಲ್ಲ. ಮೂರ್ ವೈನ್ ಬರೆದ ಒಂದು ಘಟನೆಯನ್ನೂ ಅಳಿಸಲಿಲ್ಲ, ನೋಡಿ. ಎಲ್ಲ ಹಾಗೇ ಇದೆ, ಅದರ ಅರ್ಥ ಮಾತ್ರ ತಲೆಕೆಳಗಾಯ್ತು. ಚಿತ್ರಕಾರರಾದ ಬಿಸೆಟ್, ಟೋಟಲ್‌ಬೆನ್ ಅವರ ಕಪ್ಪು ಶಾಯಿ ಇಲ್ಲದಿದ್ದರೆ ಇದು ಬರೀ ಬುದ್ಧಿವಂತಿಕೆಯಾಗಿ ಉಳೀತಿತ್ತು, ಅದೂ ನಿಜ.

ಇದರ ಮೇಲೆ ಚೆನ್ನಾಗಿ ಕಟ್ಟಿದವರೂ ಇದ್ದಾರೆ. 2011ರಲ್ಲಿ ಸ್ವಾಂಪ್ ಥಿಂಗ್ ಬರೆಯೋಕೆ ಸ್ಕಾಟ್ ಸ್ನೈಡರ್ ಬಂದಾಗ ಅಲೆಕ್ ಹಾಲೆಂಡ್ ನಿಜವಾಗಿ ಬದುಕಿ ವಾಪಸ್ ಬಂದಿದ್ದ. ಲೂಸಿಯಾನದಲ್ಲಿ ಕಟ್ಟಡದ ಕೆಲಸ ಮಾಡ್ಕೊಂಡಿರ್ತಾನೆ. ಅವನ ತಲೆಯಲ್ಲಿ ಗಿಡದ ನೆನಪುಗಳು. ಯಾವತ್ತೂ ಭೇಟಿಯಾಗದ ಅಬಿ ಅನ್ನೋ ಹೆಣ್ಣನ್ನ ಪ್ರೀತಿಸಿದ ನೆನಪು, ಆ ಪ್ರೀತಿ ತನ್ನದಲ್ಲ ಅಂತಲೂ ಗೊತ್ತು. ಗಿಡ ತಾನು ಮನುಷ್ಯ ಅಂದುಕೊಂಡಿತ್ತು, ಈಗ ಮನುಷ್ಯನಿಗೆ ಗಿಡದ ಬದುಕು ಅಂಟಿಕೊಂಡಿದೆ. ಮೂರ್ ಕಥೆಗೆ ಎದುರು ನಿಂತು ಕೇಳಿದ ಪ್ರಶ್ನೆ ಇದು. ಮುಂದೆ ಗಿಡಗಳ ಹಸಿರು ಶಕ್ತಿಯ ಜೊತೆಗೆ ಪ್ರಾಣಿಗಳ ಕೆಂಪು, ಎದುರಿಗೆ ಸಾವಿನ ಕೊಳೆತ ಅಂತ ಸೇರಿಸಿ, ಜೆಫ್ ಲೆಮೈರ್ ಅವರ ಆನಿಮಲ್ ಮ್ಯಾನ್ ಜೊತೆ ರಾಟ್‌ವರ್ಲ್ಡ್ ಅಂತ ಎಳೆದಾಡಿದರು. ಅದನ್ನ ಸಾಲ ಮಾಡಿ ಕೊಳ್ಳಬೇಡಿ.

ಇದೆಲ್ಲಕ್ಕಿಂತ ನನಗೆ ದೊಡ್ಡದು ಅನ್ನಿಸೋದು ಆರಕಲ್. ಮೂರ್ ಬರೆದ 1988ರ ಬ್ಯಾಟ್‌ಮನ್ ಕಥೆ ಕಿಲ್ಲಿಂಗ್ ಜೋಕ್‌ನಲ್ಲಿ ಜೋಕರ್, ಪೊಲೀಸ್ ಕಮಿಷನರ್ ಮಗಳು ಬಾರ್ಬರಾ ಗಾರ್ಡನ್‌ಗೆ ಗುಂಡು ಹೊಡೀತಾನೆ. ಕಥೆಗೆ ಅವಳು ಬೇಕಾಗಿದ್ದು ಅಪ್ಪನಿಗೆ ಹುಚ್ಚು ಹಿಡಿಸೋಕೆ ಮಾತ್ರ, ಆಮೇಲೆ ಅವಳ ಗತಿ ಏನು ಅಂತ ಆ ಪುಸ್ತಕ ಕೇಳೋದೇ ಇಲ್ಲ. ಮೂರ್ ಅವರಿಗೇ ಮುಂದೆ ಆ ಪುಸ್ತಕ ಹಿಡಿಸಲಿಲ್ಲ. ಬರಹಗಾರರಾದ ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್, ಗಂಡ ಹೆಂಡತಿ, ಅದನ್ನ ಓದಿ ಸಿಟ್ಟಾದರು. 1989ರಲ್ಲಿ ಸೂಸೈಡ್ ಸ್ಕ್ವಾಡ್ 23ರಲ್ಲಿ ಕಂಪ್ಯೂಟರ್ ಹಿಂದಿನ ಒಂದು ಅನಾಮಿಕ ದನಿ ಬರುತ್ತೆ, ಹೆಸರು ಆರಕಲ್. ಅದು ಗಾಲಿಕುರ್ಚಿಯಲ್ಲಿ ಕೂತ ಬಾರ್ಬರಾ ಅಂತ ಆಮೇಲೆ ಗೊತ್ತಾಗುತ್ತೆ. 2011ರವರೆಗೆ ಅವಳು ಹಾಗೇ ಇದ್ದಳು, ಬ್ಯಾಟ್‌ಮನ್ ಕೂಡ ಮಾಹಿತಿಗೆ ಅವಳ ಮುಂದೆ ಕೈ ಚಾಚಬೇಕು. ಮೂರ್ ಬಿಟ್ಟುಹೋದ ಗಾಯವನ್ನ ಮುಚ್ಚದೆ, ಗಾಯಗೊಂಡವಳ ಕಡೆಯಿಂದ ಕಥೆ ನೋಡಿದರು. ಜಾನ್ಸ್ ಇಸ್ಮಾಲ್ಟ್‌ನಿಂದ ಸಾಮಾನು ಹೊತ್ತು ತಂದರು, ಇವರು ಮೂರ್ ಜೊತೆ ಜಗಳಕ್ಕೇ ನಿಂತರು. ನನಗೆ ಜಗಳದವರೇ ಇಷ್ಟ.

ಹುಬ್ಬಳ್ಳಿ_ಹುಂಜ

ಆರಕಲ್ ವಿಷಯಕ್ಕ ನಂದೂ ಸಹಿ. ಜಾನ್ಸ್ ವಿಷಯಕ್ಕ ಮಾತ್ರ ಒಪ್ಪಂಗಿಲ್ಲ. ಹಳದಿ ಅಂದ್ರ ಭಯ ಅಂತ 2004ರ ರೀಬರ್ತ್‌ದಾಗ ಇಡೀ ಸರಣಿಗೆ ಬುನಾದಿ ಹಾಕಿದಾವ ಅವನು. 'ಟೈಗರ್ಸ್'ನ ತಿರುಳು ಭಯಾನ ಅಲ್ಲೇನ್ರಿ?

ಡಿಟಿಪಿ_ಮಾಮ

ಹೌದು. ಆದರೆ ಜಾನ್ಸ್ ಅವರಲ್ಲಿ ಭಯಕ್ಕೆ ಬಣ್ಣ ಇದೆ, ಉಂಗುರ ಇದೆ, ಸೈನ್ಯ ಇದೆ, ಅದನ್ನ ಹೊಡೆದು ಬೀಳಿಸಬಹುದು. ಇಸ್ಮಾಲ್ಟ್‌ನಲ್ಲಿ ಹೊಡೆಯೋಕೆ ಯಾರೂ ಇಲ್ಲ, ಎಲ್ಲರನ್ನೂ ಆಗಲೇ ಕಟ್ಟಿಹಾಕಿದ್ದಾರೆ.

ಬಾಲ್ಕನಿ_ಓದುಗ

ಇಬ್ಬರಿಗೂ ಥ್ಯಾಂಕ್ಸ್. ಈ ಮೂರು ಕಥೆ ಬಿಡಿಬಿಡಿಯಾಗಿ ಹುಡುಕಬೇಕಾ, ಒಂದೇ ಕಡೆ ಸಿಗುತ್ತಾ? ಮೋಗೋ ಒಂದು ಗ್ರಹ ಅಂತ ನನಗಾಗಲೇ ಗೊತ್ತು, ಆ ಕಥೆ ಈಗ ಓದಿದರೆ ಮಜಾ ಉಳಿದಿರುತ್ತಾ?

ಡಿಟಿಪಿ_ಮಾಮ

ಡಿಸಿ ಯೂನಿವರ್ಸ್: ದಿ ಸ್ಟೋರೀಸ್ ಆಫ್ ಅಲನ್ ಮೂರ್ ಅಂತ ಒಂದು ಸಂಕಲನ ಇದೆ, ಮೂರೂ ಅದರಲ್ಲಿವೆ, ಕಿಲ್ಲಿಂಗ್ ಜೋಕ್ ಕೂಡ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ, ಬೈಂಡಿಂಗ್ ಮಾತ್ರ ನೋಡಿಕೊಳ್ಳಿ.

ಮೋಗೋದ ಗುಟ್ಟು ನಿಮಗೆ ಉಳಿದಿಲ್ಲ, ಅದು ಹೋಯ್ತು. 1985ರಲ್ಲಿ ಕೊನೇ ಪುಟಕ್ಕೆ ಬಾಯಿ ತೆರೆದವರ ಸುಖ ಸಿನೆಸ್ಟ್ರೋ ಕೋರ್ ವಾರ್‌ನಿಂದ ಶುರು ಮಾಡಿದವರಿಗೆ ಇಲ್ಲ. ಆದರೂ ಓದಿ, ಆರೇ ಪುಟ. ಬಾಲ್ಫಂಗಾ ಅನ್ನೋ ಜಂಬದ ಯೋಧ ಮೋಗೋ ಜೊತೆ ಕಾದಾಡ್ತೀನಿ ಅಂತ ಕಾಡಿಗೆ ಇಳಿದು, ಮರ ಇಲ್ಲದ ಬಯಲುಗಳನ್ನೆಲ್ಲ ಅಳೆದು ನಕ್ಷೆ ಮಾಡ್ತಾನೆ. ಅವನ ನಕ್ಷೆಯಲ್ಲಿ ಲ್ಯಾಂಟರ್ನ್ ಗುರುತು ಒಂದೊಂದೇ ಗೆರೆಯಾಗಿ ಮೂಡೋದನ್ನ ಗಿಬ್ಬನ್ಸ್ ಹೇಗೆ ಬರೆದಿದ್ದಾರೆ ನೋಡಿ. ಉತ್ತರ ಗೊತ್ತಿದ್ದರೆ ಇವನ ಪಾಡು ನೋಡಿ ಮೊದಲ ಪುಟದಿಂದಲೇ ನಗು ಬರುತ್ತೆ.