'ಟ್ರಯಾಜ್'ಗೆ ಕನ್ನಡದಲ್ಲಿ ಏನು? (ಬೋರ್ಡಿಗೆ, ನಾಳೆಯೇ ಬೇಕು)

ನಮಸ್ಕಾರ. ಕಣ್ಣಿನ ತುರ್ತು ವಿಭಾಗದ ಬಾಗಿಲಿಗೆ ಒಂದು ಬೋರ್ಡು, ನರ್ಸುಗಳ ಕೈಗೆ ಒಂದು ಪುಟದ ಸೂಚನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. 'ಟ್ರಯಾಜ್', ಅಂದರೆ ಬಂದವರಲ್ಲಿ ಯಾರನ್ನು ಮೊದಲು ನೋಡಬೇಕು ಅಂತ ತೀರ್ಮಾನಿಸುವುದು, ಅದರ ಹತ್ತಿರ ಬಂದು ನಿಂತಿದ್ದೇನೆ. 'ರೋಗಿ ವರ್ಗೀಕರಣ' ಅಂತ ಬರೆದೆ, ಕಡತಕ್ಕೆ ನಂಬರು ಹಾಕಿದ ಹಾಗೆ ಕೇಳಿಸುತ್ತದೆ. 'ತೀವ್ರತೆ ಪರೀಕ್ಷೆ' ಅಂದರೆ ಅರ್ಥವೇ ಕೆಡುತ್ತದೆ. ಕಣ್ಣು ಕೆಂಪಾಗಿ ಗೀಜು ಕಟ್ಟಿದೆ, ಆದರೆ ನೋಟ ಸರಿಯಿದೆ ಅನ್ನುವವರು ಸ್ವಲ್ಪ ಕಾಯಬಹುದು. ನೋವೇ ಇಲ್ಲದೆ ಒಂದು ಕಣ್ಣು ಥಟ್ಟನೆ ಕತ್ತಲಾದವರು ಕಾಯುವ ಹಾಗಿಲ್ಲ. ಕಣ್ಣಿನ ಹಿಂಬದಿಯ ಒಳಪರದೆಗೆ (ರೆಟಿನಾ) ರಕ್ತ ಹರಿಯುವುದು ನಿಂತಿದ್ದರೆ ಕೆಲವೇ ಗಂಟೆಗಳಲ್ಲಿ ನೋಟ ಹೋದ ಹಾಗೆಯೇ. ಜಾಸ್ತಿ ಕೂಗಿದವರು ಮೊದಲು ಅಂತಲ್ಲ, ಅಲ್ವಾ?

ಮರು:
> 'ರೋಗಿ ವರ್ಗೀಕರಣ' ಅಂತ ಬರೆದೆ

ಬೇಡವೇ ಬೇಡ. ಫ್ರೆಂಚಿನ 'ಟ್ರಿಯೆ' ಅಂದರೆ ಆರಿಸು, ಬೇರೆ ಮಾಡು. ಇಂಗ್ಲಿಷಿನವರು ಮೊದಲು ಉಣ್ಣೆಯ ದರ್ಜೆ ಬಿಡಿಸುವುದಕ್ಕೆ ಈ ಪದ ಬಳಸಿದರು. ಗಾಯಾಳು ಸೈನಿಕರಿಗೆ ಅಂಟಿದ್ದು ಬಹಳ ಆಮೇಲೆ. ನಮ್ಮಲ್ಲಿ 'ಕೇರು' ಇದೆಯಲ್ಲ. 'ಕೇರುಕೋಣೆ' ಅನ್ನಿ, ಮುಗಿಯಿತು.

ಮರು:
ಕೇರಿದರೆ ಜೊಳ್ಳು ಹಾರಿಹೋಗುತ್ತದೆ ಸ್ವಾಮಿ. ಇಲ್ಲಿ ಯಾರನ್ನೂ ಹಾರಿಸುವ ಹಾಗಿಲ್ಲ, ಯಾರು ಮೊದಲು ಅನ್ನುವುದಷ್ಟೇ. 'ತುರ್ತು ಸರದಿ' ಹೇಗೆ? ಇನ್ನೊಂದು: ಸುಣ್ಣ, ಆಸಿಡ್ ಬಿದ್ದ ಕಣ್ಣಿಗೆ 'ತೊಳೆಯಿರಿ' ಸಾಲುತ್ತಾ? ಸುಮ್ನೆ ಒಂದು ಸಲ ತೊಳೆಯುವುದಲ್ಲ, ಬಿಡದೆ ನೀರು ಹರಿಸುತ್ತಲೇ ಇರಬೇಕು. ಹೆಸರು, ವಯಸ್ಸು ಕೇಳುವುದೆಲ್ಲ ಆಮೇಲೆ.

ಮರು:
'ತುರ್ತು' ಸಂಸ್ಕೃತದ 'ತ್ವರಿತ' ಸವೆದು ಬಂದದ್ದು. ಎರವಲೇ ಸಾಕು ಅನ್ನುವುದಾದರೆ ಇಲ್ಲಿ ಕೇಳಿದ್ದೇಕೆ?

ಮರು:
ಬೋರ್ಡು, ನರ್ಸು, ರೆಟಿನಾ ಎಲ್ಲವನ್ನೂ ಒಳಗೆ ಬಿಟ್ಟಿರಿ. ಪಾಪ, ತುರ್ತನ್ನು ಮಾತ್ರ ಬಾಗಿಲಲ್ಲಿ ನಿಲ್ಲಿಸಿ ಊರು ಕೇಳುತ್ತೀರಲ್ಲ! ರೆಟಿನಾಕ್ಕೆ 'ಅಕ್ಷಿಪಟಲ' ಅಂದರೆ ಆ ನರ್ಸೇ ಮುಖ ನೋಡುತ್ತಾರೆ. ಕೇಳಿದವರಿಗೆ: 'ಬಿಡದೆ ನೀರು ಹರಿಸಿ' ಅಂತಲೇ ಬರೆಯಿರಿ.

ಮರು:
'ತುರ್ತು ನೋಡಿ ಸರದಿ ಕೊಡುವ ಜಾಗ' ಅಂತ ಕಳಿಸಿಬಿಟ್ಟೆ. ಉದ್ದವಾಯಿತು, ಗೊತ್ತು. ರೆಟಿನಾ ಕಳಚಿಕೊಳ್ಳುವುದಕ್ಕೆ ಪದ ಹುಡುಕಲಿಲ್ಲ. 'ಮಿಂಚು ಹೊಡೆದ ಹಾಗೆ, ನೊಣ ಹಾರಿದ ಹಾಗೆ, ಪರದೆ ಇಳಿದ ಹಾಗೆ' ಅಂತ ಬಂದವರು ಹೇಳುವುದನ್ನೇ ಹಾಕಿದೆ. ಕೇರುಕೋಣೆಯ ಜಗಳ ಮುಂದುವರಿಯಲಿ.